ನಿಂತ ಕಾರಿನಲ್ಲಿ ಸೋರುವ ಕರೆಂಟು

ಜುಲೈ ತಿಂಗಳ ಜಡಿಮಳೆಯಲ್ಲಿ, ಚಿಕ್ಕಮಗಳೂರಿನ ನಮ್ಮ ಮನೆಯ ಷೆಡ್ಡಿನಲ್ಲಿ ಶನಿವಾರ ಬೆಳಿಗ್ಗೆ ನಿಲ್ಲಿಸಿದ್ದ ಹಳೆಯ ಪೆಟ್ರೋಲ್ ಕಾರಿನ ಕೀಲಿಯನ್ನು ಸೋಮವಾರ ತಿರುಗಿಸಿದಾಗ ಬಾನೆಟ್ಟಿನೊಳಗಿಂದ ‘ಟಕ್’ ಎಂಬ ಒಂದು ಸದ್ದು ಬಂತೇ ಹೊರತು ಸೆಲ್ಫ್ ಹೊಡೆಯಲಿಲ್ಲ. ಬ್ಯಾಟರಿ ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ. ಇಂಥ ಹೊತ್ತಿನಲ್ಲಿ ಮಲೆನಾಡಿನ ಚಳಿಯನ್ನು ದೂರುವುದು ರೂಢಿ. ಆದರೆ ನಮ್ಮೂರಿನ ಚಳಿಗೆ ಒಳ್ಳೆಯ ಬ್ಯಾಟರಿಯನ್ನು ಎರಡೇ ದಿನದಲ್ಲಿ ಮಲಗಿಸುವ ಶಕ್ತಿಯಿಲ್ಲ.

ಸೀಸ ಮತ್ತು ಗಂಧಕಾಮ್ಲದ ಈ ಬ್ಯಾಟರಿಯಲ್ಲಿ ತಲಾ ಸುಮಾರು 2.1 ವೋಲ್ಟಿನ ಆರು ಕೋಶಗಳಿದ್ದು, ಪೂರ್ತಿ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಮೀಟರು 12.6 ವೋಲ್ಟ್ ತೋರಿಸಬೇಕು. ಚಾರ್ಜ್ ಮಾಡಿಸಿ ತಂದು, ನೆಗೆಟಿವ್ ತಂತಿಯನ್ನು ಜೋಡಿಸದೆ ಎರಡು ದಿನ ಬಿಟ್ಟೆ. ಅಂಕಿ ಕದಲಲಿಲ್ಲ. ಅಲ್ಲಿಗೆ ಬ್ಯಾಟರಿ ನಿರಪರಾಧಿಯೆಂದಾಯಿತು; ಕಳ್ಳ ಕಾರಿನೊಳಗೇ ಇದ್ದ.

ಎಂಜಿನ್ ನಿಂತಿದ್ದಾಗಲೂ ಗಡಿಯಾರ, ಸ್ಟೀರಿಯೋ, ಎಂಜಿನ್ ಕಂಪ್ಯೂಟರ್ ಹನಿಹನಿಯಾಗಿ ಕರೆಂಟು ಪಡೆಯುತ್ತಲೇ ಇರುತ್ತವೆ. ಒಟ್ಟು 50 ಮಿಲಿಆಂಪಿಯರ್ ಮೀರದಿದ್ದರೆ ಚಿಂತೆಯಿಲ್ಲ. ಇದನ್ನು ಅಳೆಯಲು ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪಿಯರಿನ ಕಿಂಡಿಗೆ ಸಿಕ್ಕಿಸಿ, ಕಳಚಿದ ನೆಗೆಟಿವ್ ತಂತಿಗೂ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಸೇರಿಸಬೇಕು. ಆಗ ಮರೆತೂ ಕೀಲಿ ತಿರುಗಿಸಬಾರದು. ಸೆಲ್ಫ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವುದರಿಂದ ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಬಾಗಿಲು ತೆರೆದಿದ್ದರೆ ಒಳಗಿನ ದೀಪವೂ ಲೆಕ್ಕಕ್ಕೆ ಸೇರುತ್ತದೆ. ಬಾಗಿಲಿನ ಸ್ವಿಚ್ಚಿನ ಗುಂಡಿಯನ್ನು ಟೇಪು ಸುತ್ತಿ ಅದುಮಿಟ್ಟೆ.

ಮೀಟರು 440 ಮಿಲಿಆಂಪಿಯರ್ ತೋರಿಸಿತು.

ಇನ್ನು ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವುದು ತಾಳ್ಮೆಯ ಕೆಲಸ. ಯಾವ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಶಂಕಿಸಬೇಕಿತ್ತು, ಏಕೆಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಅದರ ಡಯೋಡೊಂದು ಕೆಟ್ಟರೆ ಕರೆಂಟು ಫ್ಯೂಸ್ ಪೆಟ್ಟಿಗೆಯತ್ತ ಸುಳಿಯದೆಯೇ ಹಿಮ್ಮುಖವಾಗಿ ಹರಿಯುತ್ತದೆ. ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಒಳದೀಪದ ಫ್ಯೂಸ್ ಕಿತ್ತೊಡನೆ ಅಂಕಿ ಕೆಲವೇ ಮಿಲಿಆಂಪಿಯರಿಗೆ ಕುಸಿಯಿತು. ನಮ್ಮ ಕಾರಿನಲ್ಲಿ ಒಳದೀಪ, ಸ್ಟೀರಿಯೋ, ಡಿಕ್ಕಿಯ ದೀಪ ಮೂರೂ ಆ ಒಂದೇ ಫ್ಯೂಸಿಗೆ ಸೇರಿವೆ. ಒಳದೀಪ ಆರಿರುವುದು ಕಣ್ಣಿಗೇ ಕಾಣುತ್ತಿತ್ತು. ಫ್ಯೂಸನ್ನು ಮರಳಿ ಹಾಕಿ ಸ್ಟೀರಿಯೋದ ಕನೆಕ್ಟರ್ ಕಳಚಿದರೆ ಹೆಚ್ಚೇನೂ ಬದಲಾಗಲಿಲ್ಲ.

ಉಳಿದದ್ದು ಡಿಕ್ಕಿ. ತೆರೆದಾಗ ಅಲ್ಲಿನ ದೀಪ ಹೇಗೂ ಉರಿಯುತ್ತದೆ, ಮುಚ್ಚಿದರೆ ಕಾಣುವುದಿಲ್ಲ. ಹಾಗಾಗಿ ಕಣ್ಣನ್ನು ನಂಬುವಂತಿರಲಿಲ್ಲ. ಅರ್ಧ ಗಂಟೆ ಮುಚ್ಚಿಟ್ಟು, ಥಟ್ಟನೆ ತೆರೆದು ಬಲ್ಬನ್ನು ಮುಟ್ಟಿದೆ. ಬೆರಳು ಚುರುಗುಟ್ಟಿತು.

ಅದು 5 ವ್ಯಾಟಿನ ಬಲ್ಬು. 12 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 0.42 ಆಂಪಿಯರ್. 35 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಎರಡು ದಿನದಲ್ಲಿ, ಉಳಿದ ಹನಿಗಳೂ ಸೇರಿ, 21 ಆಂಪಿಯರ್-ಗಂಟೆ ಹರಿದುಹೋಗಿತ್ತು. ಮಿಕ್ಕಿದ್ದರಲ್ಲಿ ದೀಪ ಉರಿದೀತು, ಸೆಲ್ಫ್ ಹೊಡೆಯದು. ಡಿಕ್ಕಿಯ ಸ್ವಿಚ್ಚನ್ನು ಬಿಚ್ಚಿದಾಗ, ಹಲವು ಮಳೆಗಾಲಗಳ ತೇವಕ್ಕೆ ತುಕ್ಕು ಹಿಡಿದ ಅದರ ಕಡ್ಡಿ ಅಲ್ಲಾಡದೆ ಕಚ್ಚಿಕೊಂಡಿತ್ತು. ಉಜ್ಜಿ, ಒಂದು ಹನಿ ಎಣ್ಣೆ ಬಿಟ್ಟು, ಡಿಕ್ಕಿ ಮುಚ್ಚಿ ಮೀಟರು ನೋಡಿದೆ: 20 ಮಿಲಿಆಂಪಿಯರ್.