ಆಗುಂಬೆ ಘಾಟಿಯಲ್ಲಿ ಎರಡು ಇನ್ನೋವಾ

ತೀರ್ಥಹಳ್ಳಿ ಕಡೆ ಬಾಡಿಗೆ ಗಾಡಿ ಓಡಿಸುವವರಲ್ಲಿ ಮುಗಿಯದ ವಾದ ಒಂದಿದೆ: ಘಾಟಿಗೆ ಕ್ರಿಸ್ಟಾ ಸರಿಯೋ, ಹೈಕ್ರಾಸ್ ಸರಿಯೋ? ಎರಡಕ್ಕೂ ಮನೆ ಹೆಸರು ಇನ್ನೋವಾ. ಬಾನೆಟ್ ಎತ್ತಿದರೆ ಮಾತ್ರ ದೂರದ ದಾಯಾದಿಗಳು.

ಕ್ರಿಸ್ಟಾದಲ್ಲಿ 2.4 ಲೀಟರ್ ಡೀಸೆಲ್ ಎಂಜಿನ್, 5 ಗೇರ್, ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. 2022ರ ಕೊನೆಗೆ ಬಂದ ಹೈಕ್ರಾಸ್‌ನಲ್ಲಿ 2 ಲೀಟರ್ ಪೆಟ್ರೋಲ್, ಎಳೆಯುವುದು ಮುಂದಿನ ಚಕ್ರ.

ಕ್ರಿಸ್ಟಾ ಸುಮಾರು 150 ಅಶ್ವಶಕ್ತಿ, ಪೆಟ್ರೋಲ್ ಹೈಕ್ರಾಸ್ 170ರ ಮೇಲೆ. ಆದರೆ ಸೋಮೇಶ್ವರದಿಂದ ಏಳು ಜನರನ್ನು ತುಂಬಿಕೊಂಡು ಹದಿನಾಲ್ಕು ತಿರುವು ಹತ್ತುವಾಗ ಲೆಕ್ಕ ಬೇರೆ. ಡೀಸೆಲ್ ಎಂಜಿನ್ ನಿಮಿಷಕ್ಕೆ 1,400 ಸುತ್ತಿಗೇ 343 ನ್ಯೂಟನ್-ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಸೆಕೆಂಡ್ ಗೇರಲ್ಲಿ ಸುಮ್ನೆ ಗುರುಗುಡುತ್ತಾ ಹತ್ತುತ್ತದೆ. ಪೆಟ್ರೋಲಿನದು 200ರ ಆಸುಪಾಸು, ಅದೂ 4,500 ಸುತ್ತಿನ ಹತ್ತಿರ. ಹಾಗಂತ ಹತ್ತಲ್ಲ ಅಂತಲ್ಲ. ಹತ್ತುತ್ತದೆ, ಕೂಗಿಕೊಂಡು ಹತ್ತುತ್ತದೆ. ಅದರ ಸಿವಿಟಿಯಲ್ಲಿ, ಅಂದರೆ ಹಂತಗಳಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ, ಎರಡು ರಾಟೆ, ನಡುವೆ ಲೋಹದ ಬೆಲ್ಟ್. ರಾಟೆ ಅಗಲವಾದಂತೆ, ಕಿರಿದಾದಂತೆ ಬೆಲ್ಟ್ ಮೇಲೆ ಕೆಳಗೆ ಜಾರುತ್ತದೆ. ಗೇರ್ ಬದಲಾಗುವ ಜರ್ಕ್ ಇಲ್ಲ. ತಿರುವಲ್ಲಿ ವಾಂತಿ ಬರುವವರಿಗೆ ಇದೇ ವಾಸಿ.

ಇನ್ನೊಂದು ವಿಷಯ. ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಮಳೆಗಾಲದಲ್ಲಿ ತರಗೆಲೆ ಕೊಳೆತ ತಿರುವಿನಲ್ಲಿ ಹಿಂದಿನ ಚಕ್ರಕ್ಕೆ ಹಿಡಿತ ಜಾಸ್ತಿ. ಇಲ್ಲಿ ನನ್ನ ಓಟು ಕ್ರಿಸ್ಟಾಕ್ಕೆ.

ಹೈಕ್ರಾಸ್‌ನಲ್ಲೇ ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟರ್ ಇರುವ ಹೈಬ್ರಿಡ್ ಕೂಡ ಇದೆ. ಇಳಿಯುವಾಗ ಅದು ಮಜಾ ಕೊಡುತ್ತದೆ. ಇದರ ಗೇರ್‌ಬಾಕ್ಸಿಗೂ ಇ-ಸಿವಿಟಿ ಅನ್ನುತ್ತಾರೆ, ಆದರೆ ಒಳಗೆ ಬೆಲ್ಟೇ ಇಲ್ಲ! ಒಂದು ಹಲ್ಲುಚಕ್ರದ ಸುತ್ತ ಸಣ್ಣ ಹಲ್ಲುಚಕ್ರಗಳು, ಜೊತೆಗೆ ಎರಡು ಮೋಟರ್. ಇಳಿಜಾರಿನಲ್ಲಿ ಮೋಟರ್ ಜನರೇಟರ್ ಆಗಿ ಗಾಡಿಯನ್ನು ಹಿಡಿದು ಕರೆಂಟ್ ಮಾಡುತ್ತದೆ. ಎರಡು ಟನ್ ಗಾಡಿ ಅರ್ಧ ಕಿಲೋಮೀಟರ್ ಎತ್ತರ ಇಳಿದರೆ ಹೊರಬರುವ ಶಕ್ತಿ ಸುಮಾರು 2.7 ಯೂನಿಟ್, ಮನೆಯ ಕರೆಂಟ್ ಬಿಲ್ಲಿನ ಅದೇ ಯೂನಿಟ್. ಬ್ಯಾಟರಿ ಹಿಡಿಸುವುದು ಒಂದೂವರೆಗಿಂತ ಕಡಿಮೆ. ಒಂದಷ್ಟು ಟೈರಿನ ತಿಕ್ಕಾಟಕ್ಕೆ, ಗಾಳಿಗೆ ಹೋದರೂ ಬುಡ ಮುಟ್ಟುವ ಮೊದಲೇ ಬ್ಯಾಟರಿ ತುಂಬಬಹುದು. ಆಗ ಗಾಡಿ ಪೆಟ್ರೋಲ್ ಹಾಕದೆ ಎಂಜಿನ್ ತಿರುಗಿಸಿ ಹೆಚ್ಚಿನ ಶಕ್ತಿಯನ್ನು ಕರಗಿಸುತ್ತದೆ.

ಹೋದ ಸಲ ಹಾಗೇ ಆಯಿತು. ಅರ್ಧ ಘಾಟಿ ಇಳಿದಿದ್ದೆವು. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ, ಎಂಜಿನ್ ಒಮ್ಮೆಲೇ ಗುಂಯ್ ಅಂತು. ಹಿಂದಿನ ಸೀಟಿನ ಅತ್ತೆ ಗಾಬರಿಯಾದರು. ಡ್ರೈವರ್ ತಿರುಗಿ ನೋಡದೆ ಹೇಳಿದ: "ಏನಾಗಿಲ್ಲ ಅಮ್ಮಾ, ಬ್ಯಾಟರಿಗೆ ಹೊಟ್ಟೆ ತುಂಬ್ತು."