ಮರಳಿನ ಜಾಗಕ್ಕೆ ಗಾಜಿನ ಮಣಿ ಬಂದದ್ದು ಹೇಗೆ

ಮರಳನ್ನು ರಭಸದಿಂದ ಚಿಮ್ಮಿಸಿ ಕಲ್ಲು, ಗಾಜು, ಲೋಹಗಳನ್ನು ಕೊರೆಯುವ ವಿಧಾನಕ್ಕೆ ಅಮೆರಿಕದ ಬೆಂಜಮಿನ್ ಚ್ಯೂ ಟಿಲ್ಘ್‌ಮನ್ 1870ರಲ್ಲಿ ಪೇಟೆಂಟ್ ಪಡೆದರು. ತುಕ್ಕು, ಹಳೆ ಬಣ್ಣ, ಎರಕಕ್ಕೆ ಅಂಟಿದ ಕರಕಲು ಎಲ್ಲವೂ ಅಗ್ಗದಲ್ಲಿ ಹೋಗುತ್ತಿದ್ದವು. ಅದರ ನಿಜವಾದ ಬೆಲೆ ತೆತ್ತವರು ಮರಳು ಚಿಮ್ಮುವ ನಾಝಲ್ ಹಿಡಿದು ನಿಂತವರು. ಮರಳಿನ ಕಣ ಲೋಹಕ್ಕೆ ಬಡಿದು ಹುಡಿಯಾದಾಗ ಅದರೊಳಗಿನ ಸ್ಫಟಿಕ ಸಿಲಿಕಾ ಶ್ವಾಸಕೋಶದ ಆಳಕ್ಕಿಳಿದು ಅಲ್ಲೇ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಇದಕ್ಕೆ ಗುಣಪಡಿಸುವ ಔಷಧಿ ಇಲ್ಲ. ಕಲ್ಲಿನ ದೂಳು ತರುವ ಈ ರೋಗ ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ 1940ರ ದಶಕದಲ್ಲೇ ದಾಖಲಾಗಿತ್ತು. ಬ್ರಿಟನ್ 1949ರ ನಿಯಮಗಳ ಮೂಲಕ ಬ್ಲಾಸ್ಟಿಂಗ್‌ಗೆ (ಹೀಗೆ ಚಿಮ್ಮಿಸುವ ಕೆಲಸಕ್ಕೆ) ಮರಳು ಬಳಸುವುದನ್ನು ನಿಷೇಧಿಸಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ 1974ರಲ್ಲಿ ನಿಷೇಧಿಸಿ ಎಂದು ಶಿಫಾರಸು ಮಾಡಿತಷ್ಟೇ.

ಮರಳಿನ ಬದಲಿಗೆ ಉಕ್ಕಿನ ಗುಂಡು, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್), ಗಾರ್ನೆಟ್ ಎಂಬ ಗಟ್ಟಿ ಖನಿಜ ಬಂದವು. ಅವುಗಳ ಜೊತೆ ಗಾಜಿನ ಮಣಿಯೂ ಬಂತು. ರಸ್ತೆಯ ಬಿಳಿ ಪಟ್ಟಿ ರಾತ್ರಿ ಹೊಳೆಯಲೆಂದು ಎರಚುವ ಮಣಿಯ ಜಾತಿಯೇ ಇದು. ಪುಡಿ ಮಾಡಿದ ಗಾಜನ್ನು ಜ್ವಾಲೆಯ ಮೂಲಕ ಹಾಯಿಸಿದರೆ ಕರಗಿದ ಕಣ ಮೇಲ್ಮೈ ಎಳೆತದಿಂದ ತಾನಾಗಿ ದುಂಡಗಾಗುತ್ತದೆ. ಸೋಡಾ-ಸುಣ್ಣದ ಗಾಜಿನಲ್ಲೂ ಸುಮಾರು ಶೇ 70ರಷ್ಟು ಸಿಲಿಕಾ ಇದೆ, ಆದರೆ ಅದಕ್ಕೆ ಸ್ಫಟಿಕದ ಜೋಡಣೆ ಇಲ್ಲ. ವ್ಯತ್ಯಾಸವೆಲ್ಲ ಅಲ್ಲಿದೆ.

ಇದನ್ನು 'ಸುರಕ್ಷಿತ ಮರಳು' ಎಂದುಕೊಂಡರೆ ಕೆಲಸ ಕೆಡುತ್ತದೆ. ಮರಳು ಕೆರೆಯುತ್ತದೆ, ಮಣಿ ಕುಟ್ಟುತ್ತದೆ. ಗಾಜಿನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 2.5 ಗ್ರಾಂ, ಉಕ್ಕಿನದು 7.8 ಗ್ರಾಂ. ಹಾಗಾಗಿ ಪೆಟ್ಟು ಹಗುರ, ಜಾಬ್‌ನ (ಕೆಲಸಕ್ಕೆ ತಂದ ಭಾಗದ) ಅಳತೆ ಬಹುತೇಕ ಕದಲುವುದಿಲ್ಲ, ಮೇಲ್ಮೈಗೆ ರೇಷ್ಮೆಯ ಮಂದ ಹೊಳಪು ಬರುತ್ತದೆ. ಲೋಹದ ಮೇಲೆ ಕಟ್ಟಿದ ದಪ್ಪ ಸ್ಕೇಲ್ (ಆಕ್ಸೈಡ್ ಪದರ) ಮಾತ್ರ ಇದರಿಂದ ಹೋಗದು. ಬಣ್ಣ ಕಚ್ಚಿಕೊಳ್ಳಲು ಬೇಕಾದ ಒರಟುತನವೂ ಸಿಗದು. ಅದಕ್ಕೆ ಅಲ್ಯೂಮಿನಾ ಅಥವಾ ಉಕ್ಕಿನ ಗ್ರಿಟ್ಟೇ (ಚೂಪು ಅಂಚಿನ ಕಣವೇ) ಬೇಕು. ವಿಮಾನದ ಅಲ್ಯೂಮಿನಿಯಂ, ಟೈಟಾನಿಯಂ ಭಾಗಗಳ ಪೀನಿಂಗ್‌ಗೆ (ಮೇಲ್ಮೈ ಕುಟ್ಟಿ ಗಟ್ಟಿ ಮಾಡುವುದಕ್ಕೆ) ಮಣಿ ಹೊಂದುವುದು ಅದು ಕಬ್ಬಿಣದ ಅಂಶ ಬಿಟ್ಟುಹೋಗುವುದಿಲ್ಲ ಎಂಬ ಕಾರಣಕ್ಕೆ.

ಇದೇ ಗುಣವನ್ನು ಕೈಯಾರೆ ಕಳೆದುಕೊಳ್ಳುವುದೂ ಸುಲಭ. ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಜಾಬ್‌ಗೆ ಬಳಸಿದ ಮಣಿಯನ್ನೇ ಸ್ಟೇನ್‌ಲೆಸ್‌ಗೆ ಹಾಕಿದರೆ ಕೆಲವೇ ದಿನಗಳಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಎರಡಕ್ಕೂ ಬೇರೆ ಬೇರೆ ಮಣಿ, ಸಾಧ್ಯವಾದರೆ ಬೇರೆ ಕ್ಯಾಬಿನೆಟ್ (ಬ್ಲಾಸ್ಟಿಂಗ್ ನಡೆಯುವ ಮುಚ್ಚಿದ ಪೆಟ್ಟಿಗೆ) ಇರಬೇಕು. ಗಾಳಿಯ ಸೆಳೆತದಿಂದ ಮಣಿ ಎಳೆದುಕೊಳ್ಳುವ ಸಕ್ಷನ್ ಕ್ಯಾಬಿನೆಟ್‌ನಲ್ಲಿ 100–200 ಮೈಕ್ರಾನ್ ಮಣಿಗೆ ಸಾಮಾನ್ಯವಾಗಿ 3–4 ಬಾರ್ ಒತ್ತಡ ಸಾಕು. ನಾಝಲ್ ಸುಮಾರು 15 ಸೆಂ.ಮೀ. ದೂರದಲ್ಲಿ, ತುಸು ಓರೆಯಾಗಿರಲಿ. ನೇರ 90 ಡಿಗ್ರಿಯಲ್ಲಿ ಹಿಡಿದರೆ ಪುಟಿದ ಮಣಿ ಬರುವ ಮಣಿಗೇ ಬಡಿದು ಎರಡೂ ಒಡೆಯುತ್ತವೆ. ಬೇಗ ಮುಗಿಯಲೆಂದು ಒತ್ತಡ ಏರಿಸಿದರೂ ಅದೇ ಕಥೆ: ಚೂರಾದ ಮಣಿಯ ಅಂಚು ಮೇಲ್ಮೈಯನ್ನು ಗೀರುತ್ತದೆ, ಹೊಳಪು ಬೂದಿಬಣ್ಣಕ್ಕೆ ತಿರುಗುತ್ತದೆ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಒಂದು ಚಿಟಿಕೆ ನೋಡಿದರೆ ದುಂಡಗಿನವೆಷ್ಟು, ಚೂರೆಷ್ಟು ತಿಳಿಯುತ್ತದೆ. ಮಣಿ ಚಿಮ್ಮಿಸುವ ಗಾಳಿಯಲ್ಲಿ ತೇವವಿದ್ದರೆ ಮಣಿ ಗಂಟುಕಟ್ಟಿ ಹರಿವು ನಿಲ್ಲುತ್ತದೆ. ಮೊದಲು ಏರ್ ಡ್ರೈಯರ್ ನೋಡಿ.

ಎಂಜಿನ್ ಬ್ಲಾಕ್, ಸಿಲಿಂಡರ್ ಹೆಡ್‌ಗಳಲ್ಲಿ ಆಯಿಲ್ ದಾರಿಗಳನ್ನು ಮುಚ್ಚದೆ ಬ್ಲಾಸ್ಟ್ ಮಾಡಲೇಬಾರದು. ಒಳಗೆ ಉಳಿದ ಹಿಡಿಯಷ್ಟು ಮಣಿ ಬೇರಿಂಗ್ ತಿಂದುಹಾಕುತ್ತದೆ.

ದೂಳಿನ ಚಿಂತೆಯೂ ಪೂರ್ತಿ ತೀರಿಲ್ಲ. ಕಳಚಿ ಬರುವ ಹಳೆ ಬಣ್ಣದಲ್ಲಿ ಸೀಸವಿರಬಹುದು, ಜಾಬ್‌ಗೆ ಅಂಟಿದ ಎರಕದ ಮರಳಿನಲ್ಲಿ ಸಾಮಾನ್ಯವಾಗಿ ಸ್ಫಟಿಕ ಸಿಲಿಕಾ ಇರುತ್ತದೆ. ಕ್ಯಾಬಿನೆಟ್‌ನ ಸೀಲು, ದೂಳು ಹೀರುವ ಫಿಲ್ಟರ್ ಸರಿಯಿಲ್ಲದಿದ್ದರೆ ಮಣಿ ಬದಲಿಸಿದ್ದರಿಂದ ಕಾರ್ಮಿಕನಿಗೆ ಸಿಕ್ಕ ಲಾಭ ಅಲ್ಲೇ ಸೋರಿಹೋಗುತ್ತದೆ.