ಹೃದಯಕ್ಕೆ ಆಪರೇಷನ್ ಮಾಡಿದರೆ ಮಿದುಳಿಗೆ ಯಾಕೆ ಪೆಟ್ಟು?

ಪ್ರಶ್ನೆ: ಅಪ್ಪನಿಗೆ ಬೈಪಾಸ್ ಮಾಡಬೇಕು ಅಂದಿದ್ದಾರೆ. ಸಹಿ ಹಾಕಲು ಕೊಟ್ಟ ಪತ್ರದಲ್ಲಿ ‘ಪಾರ್ಶ್ವವಾಯು ಆಗಬಹುದು’ ಅಂತಿದೆ. ತೊಂದರೆ ಇರುವುದು ಹೃದಯದಲ್ಲಿ ಅಲ್ವಾ? ಮಿದುಳಿನ ಮಾತು ಯಾಕೆ ಬಂತು?

ಉತ್ತರ: ಹೃದಯದಿಂದ ಹೊರಟ ರಕ್ತ ಮೊದಲು ಸೇರುವುದು ಮಹಾಪಧಮನಿಗೆ. ಅದರ ಕಮಾನಿನಿಂದಲೇ ತಲೆಗೆ ಹೋಗುವ ರಕ್ತನಾಳಗಳು ಕವಲೊಡೆಯುತ್ತವೆ. ವಯಸ್ಸಾದವರಲ್ಲಿ ಈ ಮಹಾಪಧಮನಿಯ ಒಳಗೋಡೆಗೆ ಕೊಬ್ಬು, ಸುಣ್ಣದಂಶ ಅಂಟಿಕೊಂಡಿರುತ್ತದೆ. ಬೈಪಾಸ್ ಮಾಡುವಾಗ ಸಾಮಾನ್ಯವಾಗಿ ಅದಕ್ಕೆ ಕೊಳವೆ ಹಾಕಿ ಹಾರ್ಟ್-ಲಂಗ್ ಯಂತ್ರಕ್ಕೆ (ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಜೋಡಿಸುತ್ತಾರೆ, ಕ್ಲಾಂಪ್ ಹಾಕಿ ಬಿಗಿಯುತ್ತಾರೆ. ಬಿಗಿಯುವಾಗಲೋ ಬಿಡುವಾಗಲೋ ಒಂದು ಚೂರು ಕಿತ್ತು ಬಂದರೆ ಸಾಕು, ರಕ್ತದ ಜೊತೆ ಮೇಲೇರಿ ಮಿದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಕವಾಟದ ಆಪರೇಷನ್‌ನಲ್ಲಿ ಗಾಳಿಗುಳ್ಳೆಯೂ ಹೀಗೇ ಹೋಗಬಹುದು. ಬಿಪಿ ತುಂಬಾ ಹೊತ್ತು ಇಳಿದರೂ ಮಿದುಳಿಗೆ ರಕ್ತ ಸಾಲದು.

ಆಪರೇಷನ್ ಮುಗಿದ ಮೇಲೂ ಅಪಾಯ ಪೂರ್ತಿ ಹೋಗುವುದಿಲ್ಲ. ಎರಡು-ಮೂರನೇ ದಿನದ ಹೊತ್ತಿಗೆ ಹಲವರಿಗೆ ಹೃದಯ ಬಡಿತ ತಾಳ ತಪ್ಪುತ್ತದೆ. ಆಗ ಹೃದಯದಲ್ಲೇ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಸಾಗಬಹುದು.

ಎಷ್ಟು ಜನರಿಗೆ ಹೀಗಾಗುತ್ತದೆ? ಬೈಪಾಸ್‌ನಲ್ಲಿ ಸುಮಾರು 100ಕ್ಕೆ 1ರಿಂದ 2. ಬರೀ ಆಂಜಿಯೋಗ್ರಾಮ್‌ನಲ್ಲಿ ಇದಕ್ಕಿಂತ ತುಂಬಾ ಕಡಿಮೆ. ಮೊದಲೇ ಲಕ್ವ ಹೊಡೆದಿದ್ದರೆ, ಕುತ್ತಿಗೆಯ ನಾಳ ಕಟ್ಟಿಕೊಂಡಿದ್ದರೆ ಅಪಾಯ ಜಾಸ್ತಿ. ಅದಕ್ಕೇ ಸಹಿ ಹಾಕುವ ಮುಂಚೆ ಎರಡು ವಿಷಯ ಕೇಳಿ: ಅಪ್ಪನಿಗೆ ಕುತ್ತಿಗೆ ಡಾಪ್ಲರ್ (ಕುತ್ತಿಗೆಯ ರಕ್ತನಾಳದ ಸ್ಕ್ಯಾನ್) ಬೇಕಾ? ಮಹಾಪಧಮನಿಯಲ್ಲಿ ಸುಣ್ಣ ಜಾಸ್ತಿ ಇದ್ದರೆ ಕ್ಲಾಂಪ್ ಹಾಕದೆ, ಬಡಿಯುತ್ತಿರುವ ಹೃದಯದ ಮೇಲೇ ಮಾಡಲು ಆಗುತ್ತದಾ? ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹೃದಯಕ್ಕೆ ನಿಜಕ್ಕೂ ಬೈಪಾಸ್ ಬೇಕಿದ್ದರೆ ಈ ಒಂದು ಸಾಲಿಗೆ ಹೆದರಿ ಬಿಡುವುದು ಸರಿಯಲ್ಲ ಅಂತ ನನಗನ್ನಿಸುತ್ತದೆ.

ಮನೆಯವರು ಹೆಚ್ಚು ಗಾಬರಿಯಾಗುವುದು ಐಸಿಯುನಲ್ಲಿ. ಅಪ್ಪ ರಾತ್ರಿ ಹೊತ್ತು ಏನೇನೋ ಮಾತಾಡುತ್ತಾರೆ, ನಳಿಕೆ ಕೀಳಲು ಹೋಗುತ್ತಾರೆ, ಬೆಳಗ್ಗೆ ಮತ್ತೆ ಸರಿಯಾಗಿರುತ್ತಾರೆ. ಹೀಗೆ ಬಂದು ಹೋಗುವ ಗೊಂದಲಕ್ಕೆ ಡೆಲಿರಿಯಂ ಅಂತಾರೆ. ವಯಸ್ಸಾದವರಲ್ಲಿ ಇದು ಪಾರ್ಶ್ವವಾಯುಗಿಂತ ಎಷ್ಟೋ ಸಾಮಾನ್ಯ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ, ಆದರೂ ನರ್ಸ್‌ಗೆ ಹೇಳಲೇಬೇಕು. ಅವರ ಕನ್ನಡಕ, ಕಿವಿಯ ಯಂತ್ರ ವಾಪಸ್ ಕೊಡಿ. ಇವತ್ತು ಯಾವ ವಾರ, ಎಲ್ಲಿದ್ದೀರಿ ಅಂತ ಮೆಲ್ಲಗೆ ಹೇಳುತ್ತಿರಿ. ವಾದಕ್ಕೆ ಇಳಿಯಬೇಡಿ.

ಪಾರ್ಶ್ವವಾಯು ಹಾಗಲ್ಲ, ತಟ್ಟನೆ ಬರುತ್ತದೆ. ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ, ಒಂದು ಕೈ ಎತ್ತಲು ಆಗುವುದಿಲ್ಲ, ಮಾತು ತೊದಲುತ್ತದೆ. ‘ಅರಿವಳಿಕೆ ಇನ್ನೂ ಇಳಿದಿಲ್ಲವೇನೋ’ ಅಂತ ಸುಮ್ನೆ ಕಾಯಬೇಡಿ. ಎದೆ ಸೀಳಿದ ಹೊಸತರಲ್ಲಿ ಹೆಪ್ಪು ಕರಗಿಸುವ ಔಷಧಿ ಕೊಡುವುದು ಕಷ್ಟ, ರಕ್ತಸ್ರಾವದ ಭಯ ಇರುತ್ತದೆ. ಆದರೆ ದೊಡ್ಡ ನಾಳ ಕಟ್ಟಿದ್ದರೆ ತೊಡೆಸಂದಿನಿಂದ ತೆಳು ಕೊಳವೆ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುವ ದಾರಿ ಇದೆ. ಅದಕ್ಕೆ ವೈದ್ಯರು ಮೊದಲು ಕೇಳುವುದು ‘ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’ ಅಂತ. ಪ್ರತಿ ಸಲ ನೋಡಿಬಂದಾಗ ಆ ಹೊತ್ತನ್ನು ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ.